ಕೊಬ್ಬರಿ ಮಂಡಿಯ ಕಂಪ್ಯೂಟರು, ನಮ್ಮ ಸ್ಕ್ರಿಪ್ಟು, ಶೆಲ್‌ಚೆಕ್: ಒಂದು ವರ್ಷ ಬಳಸಿ ನೋಡಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಶೆಲ್ ಸ್ಕ್ರಿಪ್ಟನ್ನು, ಅಂದರೆ ಲಿನಕ್ಸ್ ಕಂಪ್ಯೂಟರ್ ಸಾಲು ಸಾಲಾಗಿ ಓಡಿಸುವ ಆಜ್ಞೆಗಳ ಫೈಲನ್ನು, ಕೈಯಲ್ಲಿ ಬರೆಯುವವರಿಗೆ ಅದರ ತಪ್ಪು ಹುಡುಕುವ ಶೆಲ್‌ಚೆಕ್ ಇದ್ದರೆ ಒಳ್ಳೆಯದು. ಆದರೆ ನಿಮ್ಮ ಸ್ಕ್ರಿಪ್ಟನ್ನು ನೀವು ಬರೆಯದೆ ಇನ್ನೊಂದು ಪ್ರೋಗ್ರಾಂ ಬರೆದು ಹಾಕುತ್ತಿದ್ದರೆ, ಅಂದರೆ ಬಿಲ್ಡ್ ಮಾಡುವಾಗ (ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸುವಾಗ) ತಾನಾಗಿ ತಯಾರಾಗುವ ಸ್ಕ್ರಿಪ್ಟ್ ಆಗಿದ್ದರೆ, ಶೆಲ್‌ಚೆಕ್‌ಗೆ ತೋರಿಸದೆ ಅದನ್ನು ಗಿರಾಕಿಯ ಮಷಿನ್‌ಗೆ ಕಳಿಸಲೇಬೇಡಿ. ಹಾಗಂತ ಇದೊಂದೇ ಸಾಕು ಅಂತಲೂ ಅಲ್ಲ. ಇದು ಹಿಡಿಯದ ಮೂರು ತಪ್ಪುಗಳಿಂದ ನಾನು ಪಟ್ಟ ಪಾಡನ್ನೂ ಬರೆದಿದ್ದೇನೆ, ಅದನ್ನೂ ಓದಿ.

ತುಮಕೂರಿನ ಬಿ.ಎಚ್. ರಸ್ತೆ ಪಕ್ಕ ನಮ್ಮದೊಂದು ಸಣ್ಣ ಆಫೀಸು. ನಾನು, ಜೊತೆಗೆ ಇಬ್ಬರು ಹುಡುಗರು. ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ಕೊಬ್ಬರಿ, ಅಡಿಕೆ ಮಂಡಿಗಳಿಗೆ ತೂಕದ ಲೆಕ್ಕದ ಪ್ರೋಗ್ರಾಂ ಮಾಡಿ ಕೊಡುತ್ತೇವೆ. ತಕ್ಕಡಿಯಿಂದ ತೂಕ ನೇರ ಕಂಪ್ಯೂಟರಿಗೆ ಬರುತ್ತದೆ. ರೈತರ ಹೆಸರು ಹಾಕಿದರೆ ಚೀಟಿ ಪ್ರಿಂಟ್ ಆಗುತ್ತದೆ. ಅಷ್ಟೇ ಕೆಲಸ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಕಂಪೈಲ್ ಮಾಡಿದ್ದು. ಮಂಡಿಗಳಲ್ಲಿ ಇರುವುದು ಜಾಸ್ತಿ ಹಳೆಯ ಮಷಿನ್‌ಗಳು, ಹಾಗಾಗಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಹಾಕಿ ಕೊಡುತ್ತೇವೆ.

ಕಂಪೈಲ್ ಆದ ಪ್ರೋಗ್ರಾಂ ಇದ್ದ ಮೇಲೆ ನಡುವೆ ಶೆಲ್ ಸ್ಕ್ರಿಪ್ಟ್ ಯಾಕೆ ಬೇಕು ಅಂತ ಕೇಳಬಹುದು. ನಮ್ಮ ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು (ಅದು ಬಳಸುವ ಸಿದ್ಧ ಕೋಡ್ ಫೈಲ್‌ಗಳನ್ನು) ನಾವೇ ಜೊತೆಗೆ ಕೊಡುತ್ತೇವೆ. ಅವು ಯಾವ ಫೋಲ್ಡರ್‌ನಲ್ಲಿವೆ, ಲೆಕ್ಕದ ಫೈಲ್ ಎಲ್ಲಿದೆ, ತಕ್ಕಡಿ ಯಾವ ಪೋರ್ಟ್‌ನಲ್ಲಿದೆ, ಇದನ್ನೆಲ್ಲ ಪ್ರೋಗ್ರಾಂ ಏಳುವ ಮೊದಲೇ ಯಾರಾದರೂ ಹೇಳಬೇಕು. ಹತ್ತು ಹನ್ನೆರಡು ಸಾಲಿನ ಒಂದು ಸ್ಕ್ರಿಪ್ಟ್ ಆ ಕೆಲಸ ಮಾಡುತ್ತದೆ. ಇದಕ್ಕೇ ರ‍್ಯಾಪರ್ ಅನ್ನುವುದು. ಐಕಾನ್ ಒತ್ತಿದರೆ ಮೊದಲು ಓಡುವುದು ಅದೇ. ಇದು ನಮ್ಮೊಬ್ಬರ ಪದ್ಧತಿ ಏನಲ್ಲ. ಲಿನಕ್ಸ್‌ನಲ್ಲಿ ಗೂಗಲ್ ಕ್ರೋಮ್ ಶುರುವಾಗುವುದೂ ಒಂದು ಶೆಲ್ ಸ್ಕ್ರಿಪ್ಟ್ ಮೂಲಕವೇ. ಗ್ನೂ ಲಿಬ್‌ಟೂಲ್ ಅನ್ನುವ ಸಾಧನ ಬಳಸಿ ಬಿಲ್ಡ್ ಮಾಡಿದವರಿಗೆ ಗೊತ್ತಿರುತ್ತದೆ, ಕಣ್ಣಿಗೆ ಕಾಣುವ ಪ್ರೋಗ್ರಾಂ ಫೈಲ್ ತೆರೆದು ನೋಡಿದರೆ ಎಷ್ಟೋ ಸಲ ಅದು ಸ್ಕ್ರಿಪ್ಟು, ಅಸಲಿ ಪ್ರೋಗ್ರಾಂ ಮರೆಯಾಗಿರುವ ಇನ್ನೊಂದು ಫೋಲ್ಡರ್ ಒಳಗೆ ಇರುತ್ತದೆ. ನಿಕ್ಸ್ ಅನ್ನುವ ಪ್ಯಾಕೇಜ್ ವ್ಯವಸ್ಥೆಯಂತೂ ರ‍್ಯಾಪರ್ ಮಾಡುವುದಕ್ಕೇ ಬೇರೆ ಸಾಧನ ಇಟ್ಟುಕೊಂಡಿದೆ.

ಒಂದೊಂದು ಮಂಡಿಗೆ ಒಂದೊಂದು ಫೋಲ್ಡರ್, ಒಂದೊಂದು ಹೆಸರು. ಹಾಗಾಗಿ ಈ ಸ್ಕ್ರಿಪ್ಟನ್ನು ನಾವು ಕೈಯಲ್ಲಿ ಬರೆಯುವುದಿಲ್ಲ. ಖಾಲಿ ಜಾಗ ಬಿಟ್ಟ ಒಂದು ನಮೂನೆ ಇದೆ, ಬಿಲ್ಡ್ ಆಗುವಾಗ ಇನ್ನೊಂದು ಪ್ರೋಗ್ರಾಂ ಅದನ್ನು ತುಂಬಿಸಿ ಕೊಡುತ್ತದೆ. ಯಾರೂ ಬರೆಯದ ಸ್ಕ್ರಿಪ್ಟು ಅಂದರೆ ಯಾರೂ ಓದದ ಸ್ಕ್ರಿಪ್ಟು. ಎರಡು ವರ್ಷ ನಾವು ಅದನ್ನು ತೆರೆದೇ ನೋಡಿರಲಿಲ್ಲ.

ಹೋದ ವರ್ಷ ತಿಪಟೂರಿನಲ್ಲಿ ಹರಾಜಿನ ದಿನ. ನಾನಿನ್ನೂ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದೆ, ಫೋನ್ ಬಂತು.

"ಏನಪ್ಪಾ, ನಿನ್ ಪ್ರೋಗ್ರಾಂ ಏಳ್ತಾನೇ ಇಲ್ವಲ್ಲ. ಇಲ್ಲಿ ಚೀಲ ಇಳ್ಸಿ ಜನ ನಿಂತವ್ರೆ."

"ನಿನ್ನೆ ಏನಾದ್ರೂ ಬದಲಾಯ್ಸಿದ್ರಾ ಯಜಮಾನ್ರೇ?"

"ಏನೂ ಇಲ್ಲ ಕಣಪ್ಪಾ. ನಮ್ಮ ಹುಡ್ಗ ಫೋಲ್ಡರ್‌ಗೆ ಕನ್ನಡದಲ್ಲಿ ಹೆಸ್ರು ಇಟ್ಟವ್ನೆ. ಕೊಬ್ಬರಿ ಲೆಕ್ಕ ಅಂತ. ಅಷ್ಟೇಯ."

ಕೈಯಲ್ಲಿದ್ದ ಇಡ್ಲಿ ತುಂಡು ಹಾಗೇ ನಿಂತಿತು. ಕೊಬ್ಬರಿ, ಆಮೇಲೆ ಒಂದು ಸ್ಪೇಸ್, ಆಮೇಲೆ ಲೆಕ್ಕ. ಆ ಹುಡುಗ ಬುದ್ಧಿವಂತ, ಡೆಸ್ಕ್‌ಟಾಪ್ ಐಕಾನನ್ನೂ ಹೊಸ ಹೆಸರಿಗೆ ಸರಿಯಾಗಿ ತಿದ್ದಿದ್ದ. ತನ್ನ ಮಂಡಿಯ ಫೋಲ್ಡರ್‌ಗೆ ತನ್ನ ಭಾಷೆಯ ಹೆಸರು ಇಡುವುದರಲ್ಲಿ ತಪ್ಪೇನಿದೆ? ತಪ್ಪು ನಮ್ಮದು. ಸ್ಕ್ರಿಪ್ಟಿನಲ್ಲಿ ಫೋಲ್ಡರ್ ಹೆಸರಿನ ಸುತ್ತ ಡಬಲ್ ಕೋಟ್ ಇರಲಿಲ್ಲ. ಕೋಟ್ ಇಲ್ಲದಿದ್ದರೆ ಶೆಲ್, ಅಂದರೆ ಸ್ಕ್ರಿಪ್ಟನ್ನು ಓದಿ ಓಡಿಸುವ ಪ್ರೋಗ್ರಾಂ, ಆ ಹೆಸರನ್ನು ಸ್ಪೇಸ್ ಇದ್ದ ಕಡೆ ಮುರಿದು ಎರಡು ಪದ ಮಾಡುತ್ತದೆ. 'ಕೊಬ್ಬರಿ' ಅನ್ನುವ ಫೋಲ್ಡರ್ ಹುಡುಕಿತು, ಸಿಗಲಿಲ್ಲ. ಸಿಗದಿದ್ದರೆ ನಿಲ್ಲು ಅಂತಲೂ ನಾವು ಬರೆದಿರಲಿಲ್ಲ, ಹಾಗಾಗಿ ಬೇರೆ ಫೋಲ್ಡರ್‌ನಲ್ಲಿ ಇದ್ದುಕೊಂಡೇ ಮುಂದಿನ ಸಾಲಿಗೆ ಹೋಯಿತು. ಪುಣ್ಯಕ್ಕೆ ಅಲ್ಲಿ ಪ್ರೋಗ್ರಾಂ ಸಿಗದೆ ನಿಂತುಕೊಂಡಿತು. ಸಿಕ್ಕಿದ್ದರೆ ಖಾಲಿ ಲೆಕ್ಕದ ಫೈಲ್ ಒಂದನ್ನು ಹೊಸದಾಗಿ ತೆರೆದು, ಇಡೀ ದಿನದ ತೂಕವನ್ನು ಅದರಲ್ಲಿ ಬರೆದುಕೊಂಡು ಕೂರುತ್ತಿತ್ತು. ಫೋನಲ್ಲೇ ಹೆಸರು ಬದಲಾಯಿಸಿ ಅಂತ ಹೇಳಿ ಎಬ್ಬಿಸಿದೆವು. ಅಷ್ಟರೊಳಗೆ ಯಜಮಾನರು ಮೂವತ್ತಕ್ಕೂ ಜಾಸ್ತಿ ಚೀಲಕ್ಕೆ ಕೈಯಲ್ಲಿ ಚೀಟಿ ಬರೆದಿದ್ದರು.

ಅವತ್ತು ರಾತ್ರಿ ನಾನು ಶೆಲ್‌ಚೆಕ್ ಹಾಕಿಕೊಂಡೆ. ಹನ್ನೆರಡು ಸಾಲಿನ ನಮ್ಮ ಸ್ಕ್ರಿಪ್ಟಿಗೆ ಒಂಬತ್ತು ಎಚ್ಚರಿಕೆ ಕೊಟ್ಟಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶೆಲ್‌ಚೆಕ್ ಅನ್ನುವುದು ಶೆಲ್ ಸ್ಕ್ರಿಪ್ಟನ್ನು ಓಡಿಸದೆ, ಸುಮ್ನೆ ಓದಿ, ಎಲ್ಲಿ ತಪ್ಪಾಗಬಹುದು ಅಂತ ಹೇಳುವ ಸಾಧನ. ವಿದಾರ್ ಹೋಲೆನ್ ಅನ್ನುವವರು ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದಿದ್ದು, 2012ರಿಂದ ಇದೆ. ಜಿಪಿಎಲ್ 3 ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. ಉಬುಂಟುವಿನಲ್ಲಿ ಒಂದೇ ಆಪ್ಟ್ ಕಮಾಂಡ್ ಸಾಕು, 24.04ರಲ್ಲಿ 0.9.0 ಬರುತ್ತದೆ, ನಾನು ಬಳಸುತ್ತಿರುವುದು ಅದನ್ನೇ. ಅದರ ವೆಬ್‌ಸೈಟ್‌ನಲ್ಲಿ ಸ್ಕ್ರಿಪ್ಟ್ ಅಂಟಿಸಿಯೂ ನೋಡಬಹುದು. ಆದರೆ ಗಿರಾಕಿಯ ಪಾಸ್‌ವರ್ಡ್, ಸರ್ವರ್ ವಿಳಾಸ ಇರುವಂಥದ್ದನ್ನು ನಿಮ್ಮ ಮಷಿನ್‌ನಲ್ಲೇ ನೋಡಿಕೊಳ್ಳಿ.

ಒಂದೊಂದು ತಪ್ಪಿಗೂ ಒಂದು ನಂಬರ್ ಇದೆ. ನಮ್ಮ ಕೋಟ್ ಇಲ್ಲದ ತಪ್ಪಿಗೆ ಎಸ್‌ಸಿ2086. ಇದನ್ನು ನೀವು ಎಲ್ಲಕ್ಕಿಂತ ಜಾಸ್ತಿ ಸಲ ನೋಡುತ್ತೀರಿ. ಫೋಲ್ಡರ್ ಸಿಗದಿದ್ದರೂ ಮುಂದೆ ಹೋಗುವ ತಪ್ಪಿಗೆ ಎಸ್‌ಸಿ2164. ಆಮೇಲೆ ಎಸ್‌ಸಿ2048, ಇದು ನಮ್ಮ ಇನ್ನೊಂದು ಹಳೇ ದೂರಿನ ಬೇರನ್ನೇ ತೋರಿಸಿತು. ರೈತರ ಹೆಸರನ್ನು ಪ್ರೋಗ್ರಾಂಗೆ ದಾಟಿಸುವಾಗ ನಾವು $* ಅಂತ ಬರೆದಿದ್ದೆವು. ಹಾಗೆ ಬರೆದರೆ 'ರಂಗಪ್ಪ ನಿಟ್ಟೂರು' ಅನ್ನುವ ಒಂದು ಹೆಸರು ಎರಡಾಗಿ, ರಂಗಪ್ಪ ಬೇರೆ ನಿಟ್ಟೂರು ಬೇರೆ ಆಗಿ ಒಳಗೆ ಹೋಗುತ್ತದೆ. ಕೋಟ್ ಒಳಗೆ "$@" ಅಂತ ಬರೆದರೆ ಬಂದಿದ್ದು ಬಂದ ಹಾಗೆ ದಾಟುತ್ತದೆ. ಚೀಟಿಯಲ್ಲಿ ಊರಿನ ಹೆಸರು ಬರುತ್ತಿಲ್ಲ ಅಂತ ಎಷ್ಟೋ ತಿಂಗಳಿಂದ ಗುಬ್ಬಿಯವರು ಹೇಳುತ್ತಲೇ ಇದ್ದರು, ನಾವು ಪ್ರಿಂಟರ್ ಕೋಡ್‌ನಲ್ಲಿ ಹುಡುಕುತ್ತಾ ಇದ್ದೆವು.

ಮೊದಲ ಸಾಲಿನ ವಿಷಯವೂ ಇದೆ, ಸ್ಕ್ರಿಪ್ಟನ್ನು ಯಾವ ಶೆಲ್ ಓಡಿಸಬೇಕು ಅಂತ ಹೇಳುವುದು ಅದೇ. ನಮ್ಮ ಆಫೀಸಿನಲ್ಲಿ ಒಬ್ಬ ಹುಡುಗನದು ಫೆಡೋರಾ, ಅದೂ ಲಿನಕ್ಸ್‌ನ ಒಂದು ಬಗೆ. ಅಲ್ಲಿ ಎಸ್‌ಎಚ್ ಅಂದರೂ ಒಳಗೆ ಇರುವುದು ಬ್ಯಾಷ್ ಅನ್ನುವ ಶೆಲ್. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ ಎಸ್‌ಎಚ್ ಅಂದರೆ ಡ್ಯಾಷ್ ಅನ್ನುವ ಇನ್ನೊಂದು ಶೆಲ್. ಅವನು ನಮೂನೆಯಲ್ಲಿ [[ ಅಂತ ಎರಡು ಬ್ರಾಕೆಟ್ ಹಾಕಿದ್ದ. ಅವನ ಮಷಿನ್‌ನಲ್ಲಿ ಓಡುತ್ತದೆ, ಮಂಡಿಯಲ್ಲಿ ಓಡುವುದಿಲ್ಲ. ಮೊದಲ ಸಾಲಿನಲ್ಲಿ ಎಸ್‌ಎಚ್ ಅಂತ ಇದ್ದರೆ ಶೆಲ್‌ಚೆಕ್ ಬ್ಯಾಷ್‌ನ ಇಂಥ ವಿಶೇಷಗಳನ್ನೆಲ್ಲ ಎತ್ತಿ ತೋರಿಸುತ್ತದೆ.

ಇಷ್ಟೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುವ ವಿಷಯ. ಶೆಲ್‌ಚೆಕ್ ಮೇಲೆ ನನಗೆ ನಿಜವಾಗಿ ನಂಬಿಕೆ ಹುಟ್ಟಿದ್ದು ಇನ್ನೊಂದು ದಿನ.

ತಿಪಟೂರಿನ ಗಲಾಟೆ ಆದ ಮೇಲೆ, ಸ್ಕ್ರಿಪ್ಟ್ ತುಂಬಿಸುವ ಪ್ರೋಗ್ರಾಂನಲ್ಲೇ ಹೆಸರುಗಳಿಗೆ ಭದ್ರ ಮಾಡೋಣ ಅಂತ ಕೂತೆ. ಅದು ಬ್ಯಾಷ್‌ನಲ್ಲಿತ್ತು. ಬ್ಯಾಷ್‌ನ ಪ್ರಿಂಟ್‌ಎಫ್‌ನಲ್ಲಿ ಶೇಕಡಾ ಕ್ಯೂ (%q) ಅಂತ ಒಂದಿದೆ, ಯಾವ ಹೆಸರು ಕೊಟ್ಟರೂ ಶೆಲ್‌ಗೆ ತಕ್ಕ ಹಾಗೆ ಕಟ್ಟಿ ಕೊಡುತ್ತದೆ. ಹಗಲು ನಾನು ಕೂತು ಬಿಲ್ಡ್ ಮಾಡಿದೆ, ಸ್ಪೇಸ್ ಮುಂದೆ ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ ಚೆನ್ನಾಗಿ ಕೊಟ್ಟಿತು. ಡ್ಯಾಷ್‌ನಲ್ಲೂ ಓಡಿತು. ಖುಷಿಯಾಗಿ ಮನೆಗೆ ಹೋದೆ. ರಾತ್ರಿ ಕ್ರಾನ್ (ನಿಗದಿ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ಪ್ರೋಗ್ರಾಂ) ಅದೇ ಬಿಲ್ಡನ್ನು ಮಾಡಿತು, ಬೆಳಿಗ್ಗೆ ಬಂದು ನೋಡಿದರೆ ಬಿಲ್ಡ್ ನಿಂತಿದೆ, ಬಿಲ್ಡ್‌ಗೇ ಸೇರಿಸಿದ್ದ ಶೆಲ್‌ಚೆಕ್ ಎಸ್‌ಸಿ3003 ಅಂತ ಕೂಗುತ್ತಿದೆ. ಸ್ಕ್ರಿಪ್ಟ್ ತೆರೆದೆ. 'ಕೊಬ್ಬರಿ' ಇರಬೇಕಾದ ಜಾಗದಲ್ಲಿ $'\340\262\225 ಅಂತ ಶುರುವಾಗಿ ಒಂದು ಉದ್ದನೆಯ ನಂಬರ್ ಸಾಲು.

ಸ್ವಲ್ಪ ಹೊತ್ತು ಬೇಕಾಯಿತು ಅರ್ಥ ಆಗಲು. ಕನ್ನಡದ 'ಕ' ಅಕ್ಷರ ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್. ಆ ಮೂರು ಬೈಟ್‌ಗಳೇ ಆಕ್ಟಲ್ (ಎಂಟರ ಎಣಿಕೆ) ಲೆಕ್ಕದಲ್ಲಿ 340, 262, 225. ನಾನು ಕೂತಾಗ ಟರ್ಮಿನಲ್‌ಗೆ ಯುಟಿಎಫ್-8 ಗೊತ್ತು, ಹಾಗಾಗಿ ಬ್ಯಾಷ್ ಅಕ್ಷರವನ್ನು ಅಕ್ಷರವಾಗಿಯೇ ಬರೆಯಿತು. ನಮ್ಮ ಕ್ರಾನ್ ಓಡುವಾಗ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಇರಲಿಲ್ಲ, ಬರೀ 'ಸಿ'. ಅಲ್ಲಿ ಬ್ಯಾಷ್‌ಗೆ ಕನ್ನಡ ಅಂದರೆ ಪ್ರಿಂಟ್ ಮಾಡಲಾಗದ ಬೈಟ್‌ಗಳು, ಅದಕ್ಕೇ ನಂಬರ್ ಮಾಡಿ ಬರೆಯಿತು. ಹಾಗೆ ಬರೆದದ್ದನ್ನು ಬ್ಯಾಷ್ ಮತ್ತೆ ಓದಿಕೊಳ್ಳುತ್ತದೆ. ಡ್ಯಾಷ್‌ಗೆ ಆ ಬರಹ ಗೊತ್ತಿಲ್ಲ, ಅದು ಡಾಲರ್ ಚಿಹ್ನೆಯಿಂದ ಶುರುವಾಗುವ ವಿಚಿತ್ರ ಹೆಸರಿನ ಫೋಲ್ಡರ್ ಹುಡುಕುತ್ತದೆ. ಇಂಗ್ಲಿಷ್ ಹೆಸರೇ ಇಡುವವರಿಗೆ ಈ ತಪ್ಪು ಜನ್ಮದಲ್ಲಿ ಕಾಣಿಸುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟವರಿಗೆ ಮಾತ್ರ, ಅದೂ ರಾತ್ರಿ ಆದ ಬಿಲ್ಡ್‌ನಲ್ಲಿ ಮಾತ್ರ. ಶೆಲ್‌ಚೆಕ್ ಇಲ್ಲದಿದ್ದರೆ ಇದು ನೇರ ಮಂಡಿಗೆ ಹೋಗುತ್ತಿತ್ತು ಅಲ್ವಾ?

ಈಗ ಆ ಕೆಲಸಕ್ಕೆ ಪೈಥಾನ್‌ನ ಶ್ಲೆಕ್ಸ್ ಕೋಟ್ (shlex.quote) ಅನ್ನುವ ಫಂಕ್ಷನ್ ಬಳಸುತ್ತೇವೆ. ಅದು ಹೆಸರನ್ನು ಸುಮ್ನೆ ಸಿಂಗಲ್ ಕೋಟ್ ಒಳಗೆ ಹಾಕುತ್ತದೆ. ಸಿಂಗಲ್ ಕೋಟ್ ಒಳಗೆ ಶೆಲ್ ಏನನ್ನೂ ಮುಟ್ಟುವುದಿಲ್ಲ, ಡಾಲರ್ ಇದ್ದರೂ ಅದು ಬರೀ ಡಾಲರ್. ತೊಂದರೆ ಬರುವುದು ಹೆಸರಿನಲ್ಲೇ ಸಿಂಗಲ್ ಕೋಟ್ ಇದ್ದಾಗ. ಆಗ ನಾವೇ ಬರೆಯುವುದಾದರೆ '\'' ಅಂತ ಬರೆಯಬಹುದು: ಮೊದಲು ಕೋಟ್ ಮುಚ್ಚಿ, ಬ್ಯಾಕ್‌ಸ್ಲ್ಯಾಷ್ ಹಾಕಿ ಒಂದು ಕೋಟ್ ಇಟ್ಟು, ಮತ್ತೆ ಕೋಟ್ ತೆರೆಯುವುದು. ಪೈಥಾನ್ ಇಲ್ಲದಿದ್ದರೆ ಸೆಡ್ ಕಮಾಂಡ್‌ನಲ್ಲಿ ಒಂದು ಸಾಲಿನಲ್ಲಿ ಮಾಡಬಹುದು. ಯಾವ ಶೆಲ್ ಆದರೂ ಓದುತ್ತದೆ.

ಇಲ್ಲಿ ಒಂದು ಮಾತು ಗಮನಿಸಿ. ನಾವು ಶೆಲ್‌ಚೆಕ್‌ಗೆ ಕೊಡುವುದು ನಮೂನೆಯನ್ನಲ್ಲ, ತುಂಬಿಸಿ ಹೊರಗೆ ಬಂದ ಸ್ಕ್ರಿಪ್ಟನ್ನು. ಮೊದಲು ನಾನೂ ನಮೂನೆಯನ್ನೇ ಕೊಡುತ್ತಿದ್ದೆ, ಅದರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಖಾಲಿ ಜಾಗಕ್ಕೆ ಏನು ಬಂದು ಬೀಳುತ್ತದೆ ಅನ್ನುವುದರಲ್ಲೇ ತಪ್ಪು ಇರುವುದು. ಒಂದೇ ಒಂದು ಎಚ್ಚರಿಕೆ ಬಂದರೂ ಶೆಲ್‌ಚೆಕ್ ಸೊನ್ನೆ ಅಲ್ಲದ ಉತ್ತರ ಕೊಟ್ಟು ಹೊರಗೆ ಬರುತ್ತದೆ, ಹಾಗಾಗಿ ಮೇಕ್‌ಫೈಲ್‌ನಲ್ಲಿ (ಬಿಲ್ಡ್ ಹೇಗೆ ಮಾಡಬೇಕು ಅಂತ ಬರೆದ ಫೈಲ್) ಒಂದು ಸಾಲು ಸೇರಿಸಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಒಂದು ವರ್ಷದಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಇದು.

ಇನ್ನು ಇದು ಹಿಡಿಯದೇ ಇದ್ದದ್ದು.

ಮೊದಲನೆಯದು ಎಕ್ಸೆಕ್. ನಮ್ಮ ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಪ್ರೋಗ್ರಾಂ ಹೆಸರು ಮಾತ್ರ ಇತ್ತು, ಅದರ ಮುಂದೆ ಎಕ್ಸೆಕ್ ಅನ್ನುವ ಪದ ಇರಲಿಲ್ಲ. ಆಗ ಏನಾಗುತ್ತದೆ ಅಂದರೆ, ಶೆಲ್ ಪ್ರೋಗ್ರಾಂ ಅನ್ನು ಎಬ್ಬಿಸಿ ತಾನೂ ಪಕ್ಕದಲ್ಲೇ ಕಾಯುತ್ತಾ ನಿಂತಿರುತ್ತದೆ. ಎರಡು ಪ್ರೊಸೆಸ್. ನಾವು 'ನಿಲ್ಲಿಸಿ' ಅನ್ನುವ ಬಟನ್‌ಗೆ ಕೊಟ್ಟಿದ್ದು ಶೆಲ್‌ನ ಪ್ರೊಸೆಸ್ ನಂಬರ್. ಚಿಕ್ಕನಾಯಕನಹಳ್ಳಿಯ ಮಂಡಿಯಲ್ಲಿ ಮಧ್ಯಾಹ್ನ ಊಟಕ್ಕೆ ಹೋಗುವಾಗ ಅದನ್ನು ಒತ್ತುತ್ತಿದ್ದರು. ಶೆಲ್ ಸಾಯುತ್ತಿತ್ತು, ಪ್ರೋಗ್ರಾಂ ಬದುಕಿರುತ್ತಿತ್ತು, ತಕ್ಕಡಿಯ ಪೋರ್ಟನ್ನು ಹಿಡಿದುಕೊಂಡು. ಊಟ ಮುಗಿಸಿ ಬಂದು ಮತ್ತೆ ತೆರೆದರೆ ತಕ್ಕಡಿ ಸಿಗುತ್ತಿಲ್ಲ ಅಂತ ಬರುತ್ತಿತ್ತು. ಮಷಿನ್ ಆಫ್ ಮಾಡಿ ಆನ್ ಮಾಡುವುದೇ ಅವರಿಗೆ ಅಭ್ಯಾಸ ಆಗಿಹೋಗಿತ್ತು. ತಕ್ಕಡಿ ಮಾರಿದವರ ಮೇಲೆ ಅವರಿಗೆ ಕೋಪ. ನಿಜವಾಗಿ ಒಂದು ಪದ ಸೇರಿಸಿದ್ದಕ್ಕೆ ಸರಿಹೋಯಿತು. ಎಕ್ಸೆಕ್ ಹಾಕಿದರೆ ಶೆಲ್ ಇದ್ದ ಜಾಗಕ್ಕೇ ಪ್ರೋಗ್ರಾಂ ಬರುತ್ತದೆ, ಅದೇ ನಂಬರ್, ನಿಲ್ಲು ಅನ್ನುವ ಸೂಚನೆ ನೇರ ಅದಕ್ಕೇ ತಲುಪುತ್ತದೆ. ಎಕ್ಸೆಕ್ ಆದ ಮೇಲೆ ಕೆಳಗಿನ ಸಾಲುಗಳು ಓಡುವುದಿಲ್ಲ ಅನ್ನುವುದು ನೆನಪಿರಲಿ. ಅಲ್ಲಿ ಏನಾದರೂ ಬರೆದಿದ್ದರೆ ಶೆಲ್‌ಚೆಕ್ ಎಸ್‌ಸಿ2093 ಅಂತ ಹೇಳುತ್ತದೆ. ಆದರೆ ಎಕ್ಸೆಕ್ ಇಲ್ಲದಿದ್ದರೆ ಒಂದು ಮಾತೂ ಆಡುವುದಿಲ್ಲ. ಎಲ್ಲ ಸ್ಕ್ರಿಪ್ಟಿಗೂ ಎಕ್ಸೆಕ್ ಬೇಕಿಲ್ಲ, ಅದಕ್ಕೆ ಹೇಗೆ ಗೊತ್ತಾಗಬೇಕು, ಒಪ್ಪುತ್ತೇನೆ. ಆದರೂ ರ‍್ಯಾಪರ್‌ಗಳಿಗೆ ಅಂತಲೇ, ಬೇಕಾದವರು ಹಾಕಿಕೊಳ್ಳುವ ಒಂದು ಪರೀಕ್ಷೆ ಇದ್ದಿದ್ದರೆ ಎಷ್ಟು ಮಂಡಿಗಳಿಗೆ ಅನುಕೂಲ ಆಗುತ್ತಿತ್ತು.

ಎರಡನೆಯದು ಒಂದು ಕೋಲನ್. ಲೈಬ್ರರಿ ಎಲ್ಲಿದೆ ಅಂತ ಹೇಳುವ ವೇರಿಯಬಲ್ ಎಲ್‌ಡಿ_ಲೈಬ್ರರಿ_ಪಾತ್ (LD_LIBRARY_PATH). ಎಲ್ಲರೂ ಬರೆಯುವ ಹಾಗೆ ನಾವೂ ನಮ್ಮ ಫೋಲ್ಡರ್, ಒಂದು ಕೋಲನ್, ಆಮೇಲೆ ಆ ವೇರಿಯಬಲ್‌ನಲ್ಲಿ ಮೊದಲೇ ಇದ್ದದ್ದು ಅಂತ ಬರೆದಿದ್ದೆವು. ಮೊದಲು ಏನೂ ಇಲ್ಲದಿದ್ದರೆ? ಕೊನೆಯಲ್ಲಿ ಕೋಲನ್ ಒಂದೇ ಉಳಿಯುತ್ತದೆ. ಕೋಲನ್ ಆದ ಮೇಲೆ ಖಾಲಿ ಇದ್ದರೆ, ಈಗ ನಿಂತಿರುವ ಫೋಲ್ಡರ್‌ನಲ್ಲೂ ಹುಡುಕು ಅಂತ ಲಿನಕ್ಸ್ ಅರ್ಥ ಮಾಡಿಕೊಳ್ಳುತ್ತದೆ. ಯಾರೋ ಪೆನ್‌ಡ್ರೈವ್ ಫೋಲ್ಡರ್‌ನಲ್ಲಿ ನಿಂತು ಪ್ರೋಗ್ರಾಂ ತೆರೆದರೆ, ಆ ಪೆನ್‌ಡ್ರೈವ್‌ನಲ್ಲಿ ಅದೇ ಹೆಸರಿನ ಲೈಬ್ರರಿ ಇದ್ದರೆ, ಅದು ಒಳಗೆ ಬಂದುಬಿಡಬಹುದು. ಮಂಡಿಯ ಲೆಕ್ಕ ಅಂದರೆ ದುಡ್ಡಿನ ಲೆಕ್ಕ, ಇದನ್ನು ಸಣ್ಣದು ಅನ್ನಬೇಡಿ. ವೇರಿಯಬಲ್ ಖಾಲಿ ಇಲ್ಲದಿದ್ದರೆ ಮಾತ್ರ ಕೋಲನ್ ಹಾಕು ಅನ್ನಲು ಶೆಲ್‌ನಲ್ಲೇ :+ ಅನ್ನುವ ಬರಹ ಇದೆ, ಅದನ್ನು ಬಳಸಿ. ಇದೇ ವೇರಿಯಬಲ್ ನಮ್ಮ ಪ್ರೋಗ್ರಾಂ ಎಬ್ಬಿಸುವ ಬೇರೆ ಪ್ರೋಗ್ರಾಂಗಳಿಗೂ ದಾಟುತ್ತದೆ. ಚೀಟಿ ತೋರಿಸಲು ಪಿಡಿಎಫ್ ವ್ಯೂವರ್ ತೆರೆದರೆ ಅದು ನಮ್ಮ ಹಳೇ ಲೈಬ್ರರಿ ಎತ್ತಿಕೊಂಡು ಬಿದ್ದುಹೋಗುತ್ತಿತ್ತು. ಇದಕ್ಕೆ ಕೊನೆಗೆ ಸಿಕ್ಕ ದಾರಿ ಅಂದರೆ, ಲೈಬ್ರರಿಯ ಜಾಗವನ್ನು ಸ್ಕ್ರಿಪ್ಟಿನಲ್ಲಿ ಹೇಳದೆ ಪ್ರೋಗ್ರಾಂ ಲಿಂಕ್ ಮಾಡುವಾಗಲೇ ಆರ್‌ಪಾತ್‌ನಲ್ಲಿ (ಲೈಬ್ರರಿ ಎಲ್ಲಿದೆ ಅಂತ ಪ್ರೋಗ್ರಾಂ ಒಳಗೇ ಬರೆದಿಡುವ ಜಾಗ) ಡಾಲರ್ ಒರಿಜಿನ್ ಅಂತ ಬರೆದುಬಿಡುವುದು. ಪ್ರೋಗ್ರಾಂ ಎಲ್ಲಿದೆಯೋ ಅಲ್ಲಿಂದ ಲೆಕ್ಕ ಹಾಕಿ ಲೈಬ್ರರಿ ಹುಡುಕಿಕೊಳ್ಳುತ್ತದೆ. ನಮ್ಮ ಸ್ಕ್ರಿಪ್ಟ್ ಹನ್ನೆರಡು ಸಾಲಿನಿಂದ ಏಳಕ್ಕೆ ಇಳಿಯಿತು.

ಮೂರನೆಯದು ಸಿಮ್‌ಲಿಂಕ್, ಅಂದರೆ ಬೇರೆ ಕಡೆ ಇರುವ ಫೈಲನ್ನು ತೋರಿಸುವ ಕೊಂಡಿ. ಯಾರಾದರೂ ಸ್ಕ್ರಿಪ್ಟಿಗೆ ಬೇರೆ ಫೋಲ್ಡರ್‌ನಿಂದ ಲಿಂಕ್ ಮಾಡಿ ಓಡಿಸಿದರೆ, ಸ್ಕ್ರಿಪ್ಟಿಗೆ ತನ್ನ ಹೆಸರು ಹೇಳುವ $0 ಕೊಡುವುದು ಲಿಂಕ್ ಇರುವ ಜಾಗ, ಸ್ಕ್ರಿಪ್ಟ್ ಇರುವ ಜಾಗವಲ್ಲ. ಉಬುಂಟುವಿನಲ್ಲಿ ರೀಡ್‌ಲಿಂಕ್‌ಗೆ ಎಫ್ ಕೊಟ್ಟು ಅಸಲಿ ಜಾಗ ಕಂಡುಕೊಂಡರೆ ಮುಗಿಯಿತು. ಇದರ ಬಗ್ಗೆಯೂ ಶೆಲ್‌ಚೆಕ್ ಸುಮ್ಮನಿರುತ್ತದೆ.

ದೂರುಗಳು ಇನ್ನೆರಡು. ಎಚ್ಚರಿಕೆಗಳು ಬರುವುದು ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ಹುಡುಗರಲ್ಲಿ ಒಬ್ಬ ಕನ್ನಡ ಮೀಡಿಯಂನಲ್ಲಿ ಓದಿ ಡಿಪ್ಲೊಮಾ ಮಾಡಿದವನು, ಮೊದಲ ವಾರ ತುಂಬಾ ಹಿಂಜರಿದ. ಅವನನ್ನು ಕಾಪಾಡಿದ್ದು ಪ್ರತಿ ನಂಬರ್‌ಗೂ ಇರುವ ವಿಕಿ ಪುಟ. ಅಲ್ಲಿ ತಪ್ಪು ಕೋಡ್, ಕೆಳಗೇ ಸರಿ ಕೋಡ್ ಕೊಟ್ಟಿರುತ್ತಾರೆ. ಎರಡನ್ನೂ ಹೋಲಿಸಿ ನೋಡಿ ಕಲಿತ, ಈಗ ನನಗೇ ಹೇಳಿಕೊಡುತ್ತಾನೆ. ಇನ್ನೊಂದು, ಒಂದು ಸ್ಕ್ರಿಪ್ಟ್ ಇನ್ನೊಂದು ಫೈಲನ್ನು ಒಳಗೆ ಎಳೆದುಕೊಂಡರೆ ಎಸ್‌ಸಿ1091 ಅಂತ, ಆ ಫೈಲ್ ಸಿಗಲಿಲ್ಲ ಅಂತ, ಸುಮ್ನೆ ಹೇಳುತ್ತಲೇ ಇರುತ್ತದೆ. ಆ ಫೈಲ್ ಇರುವುದೇ ಗಿರಾಕಿಯ ಮಷಿನ್‌ನಲ್ಲಿ, ಏನು ಮಾಡುವುದು? ಅದೊಂದನ್ನು ಮಾತ್ರ ಕಾಮೆಂಟ್ ಹಾಕಿ ಬಾಯಿ ಮುಚ್ಚಿಸಿದ್ದೇನೆ. ಬೇರೆ ಯಾವುದನ್ನೂ ಮುಚ್ಚಿಸಿಲ್ಲ, ನೀವೂ ಮುಚ್ಚಿಸಬೇಡಿ. ಎಚ್ಚರಿಕೆ ಬಂದರೆ ತಿದ್ದಬೇಕಾದ್ದು ತುಂಬಿಸುವ ಪ್ರೋಗ್ರಾಂ ಅನ್ನು.

ಬ್ಯಾಷ್‌ನಲ್ಲೇ ಮೈನಸ್ ಎನ್ ಅಂತ ಪರೀಕ್ಷೆ ಇದೆಯಲ್ಲ, ಅದು ಸಾಲದೇ ಅಂತ ಕೆಲವರು ಕೇಳಿದರು. ಸಾಲದು. ಅದು ವ್ಯಾಕರಣ ಮಾತ್ರ ನೋಡುತ್ತದೆ. ಕೋಟ್ ಇಲ್ಲದ ಸಾಲು ವ್ಯಾಕರಣದಲ್ಲಿ ಸರಿಯಾಗಿಯೇ ಇದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಎಕ್ಸೆಕ್ ಮತ್ತು ಆ ಕೋಲನ್‌ಗೆ. ಈ ಎರಡಕ್ಕೆ ನಾವೇ ಒಂದು ಪರೀಕ್ಷೆ ಮಾಡಿಕೊಂಡಿದ್ದೇವೆ. ಬಿಲ್ಡ್ ಆದ ಪ್ರತಿ ಸಲ ಪ್ರೋಗ್ರಾಂ ಅನ್ನು 'ಕೊಬ್ಬರಿ ಲೆಕ್ಕ $1 (ಹೊಸದು)' ಅನ್ನುವ ಫೋಲ್ಡರ್‌ಗೆ ಹಾಕಿ, ಒಂದು ಸಿಮ್‌ಲಿಂಕ್ ಮಾಡಿ ಅದರಿಂದ ಎಬ್ಬಿಸಿ, ಲೈಬ್ರರಿ ವೇರಿಯಬಲ್ ಕೊನೆಯಲ್ಲಿ ಒಂಟಿ ಕೋಲನ್ ಇಲ್ಲ ಅಂತ ನೋಡಿ, ಆಮೇಲೆ ನಿಲ್ಲಿಸಿ, ಪೋರ್ಟ್ ಬಿಟ್ಟುಕೊಟ್ಟಿದೆಯಾ ಅಂತ ನೋಡುತ್ತೇವೆ. ಆರು ಸೆಕೆಂಡ್ ಕೆಲಸ.

ಒಂದು ವಿಷಯಕ್ಕೆ ಮಾತ್ರ ನನಗಿನ್ನೂ ಒಳ್ಳೆಯ ದಾರಿ ಸಿಕ್ಕಿಲ್ಲ. ಶೆಲ್‌ಚೆಕ್ ಹೇಳುವ ಸಾಲಿನ ನಂಬರ್ ಹೊರಗೆ ಬಂದ ಸ್ಕ್ರಿಪ್ಟಿನದು, ನಮೂನೆಯದಲ್ಲ. ಏಳು ಸಾಲಿಗೆ ಕಣ್ಣಲ್ಲೇ ಹುಡುಕಬಹುದು, ದೊಡ್ಡದಾದರೆ ಕಷ್ಟ. ನಿಮ್ಮಲ್ಲಿ ಯಾರಾದರೂ ಇದನ್ನು ನಮೂನೆಯ ಸಾಲಿಗೆ ಹೊಂದಿಸುವ ಹಾಗೆ ಮಾಡಿಕೊಂಡಿದ್ದರೆ ದಯವಿಟ್ಟು ಹೇಳಿ, ಮುಂದಿನ ತಿಂಗಳು ಅಡಿಕೆ ಮಂಡಿಯ ಸ್ಕ್ರಿಪ್ಟುಗಳನ್ನೂ ಇದೇ ದಾರಿಗೆ ತರಬೇಕು ಅಂತಿದ್ದೇವೆ.